ಮೂಗಿನ ನೆರಳು ಎಲ್ಲಿ ಬಿದ್ದಿದೆ?

ನಮ್ಮ ದೊಡ್ಡಪ್ಪ ಮೇಷ್ಟ್ರಾಗಿ ನಿವೃತ್ತರಾದವರು. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಅವರಿಗೊಂದು ಅಭಿನಂದನಾ ಗ್ರಂಥ ತರುವುದು ಅಂತ ಆಯಿತು. ಮುಖಪುಟಕ್ಕೆ ಫೋಟೋ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಏಪ್ರಿಲ್ ಕೊನೆಯ ವಾರ. ತಿಪಟೂರಿನ ಹತ್ತಿರದ ನಮ್ಮೂರು ತಲುಪುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡು ದಾಟಿತ್ತು.

ದೊಡ್ಡಪ್ಪ ಆಗಲೇ ತಯಾರಾಗಿ ಕೂತಿದ್ದರು. ಬಿಳಿ ಜುಬ್ಬ, ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ದಪ್ಪ ಕನ್ನಡಕ. "ಬೆಳಕು ಚೆನ್ನಾಗಿರೋ ಕಡೆ ತೆಗಿಯಪ್ಪ" ಅನ್ನುತ್ತಾ ತಾವೇ ಎದ್ದು ಅಂಗಳಕ್ಕೆ ನಡೆದರು. ಸೂರ್ಯ ನೆತ್ತಿಯ ಮೇಲಿದ್ದ. ಒಂದು ಫೋಟೋ ತೆಗೆದೆ. ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆ ಬೆಳ್ಳಗೆ ಹೊಳೆಯುತ್ತಿದ್ದವು. ಕಣ್ಣು ಇರಬೇಕಾದ ಕಡೆ ಎರಡು ಕರಿ ಗುಳಿ.

ಒಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹೊಡೆದೆ. ಈ ಸಲ ಗುಳಿಗಳು ಹೋದವು, ಆದರೆ ಮುಖವೇ ಚಪ್ಪಟೆಯಾಯಿತು. ಕನ್ನಡಕದಲ್ಲಿ ಎರಡು ಬಿಳಿ ಚುಕ್ಕೆ, ಹಿಂದಿನ ಗೋಡೆ ಮೇಲೆ ಕರ್ರಗಿನ ನೆರಳು. "ಪಾಸ್‌ಪೋರ್ಟ್ ಫೋಟೋ ಥರ ಇದೆಯಲ್ಲೋ" ಅಂದರು ದೊಡ್ಡಪ್ಪ.

ಮೂರನೆಯದು ಪಡಸಾಲೆಯ ಕಿಟಕಿ ಪಕ್ಕ. ಅಂಗಳದ ಬಿಸಿಲಿಗೆ ಹೋಲಿಸಿದರೆ ಅಲ್ಲಿದ್ದ ಬೆಳಕು ಐವತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಮುಖಪುಟಕ್ಕೆ ಹೋಗಿದ್ದು ಅದೇ ಫೋಟೋ.

ಒಂದೇ ಕ್ಯಾಮೆರಾ, ಒಂದೇ ಲೆನ್ಸ್, ಅದೇ ಮುಖ, ಅರ್ಧ ಗಂಟೆಯ ಒಳಗೆ. ಹಾಗಾದರೆ ಬದಲಾಗಿದ್ದೇನು? ಬೆಳಕು ಜಾಸ್ತಿಯಾಗಿದ್ದಂತೂ ಅಲ್ಲ, ಕಡಿಮೆಯೇ ಆಗಿತ್ತು. ಬೆಳಕಿನ ಬಗ್ಗೆ ಕೇಳಿಕೊಂಡು ಬರುವವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು: ಬೆಳಕನ್ನು ನೋಡಬೇಡಿ, ಮೂಗಿನ ನೆರಳನ್ನು ನೋಡಿ. ಅದು ಎಲ್ಲಿ ಬಿದ್ದಿದೆ, ಅದರ ಅಂಚು ಹೇಗಿದೆ, ಅದು ಎಷ್ಟು ಕಪ್ಪಗಿದೆ. ಮುಖದ ಮೇಲೆ ಬೆಳಕು ಏನು ಮಾಡುತ್ತಿದೆ ಅನ್ನುವುದು ಹೆಚ್ಚೂಕಡಿಮೆ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಈಗಲೇ ನೋಡಬೇಕಾದರೆ ಕೈ ಮುಷ್ಟಿ ಕಟ್ಟಿ, ಹೆಬ್ಬೆರಳನ್ನು ಮೂಗಿನ ಹಾಗೆ ಸ್ವಲ್ಪ ಮುಂದೆ ಚಾಚಿ ಕಿಟಕಿ ಹತ್ತಿರ ಹಿಡಿಯಿರಿ. ನಿಧಾನವಾಗಿ ಒಂದು ಸುತ್ತು ತಿರುಗಿ. ಹೆಬ್ಬೆರಳಿನ ನೆರಳು ಕಾಣೆಯಾಗುತ್ತದೆ, ಓರೆಯಾಗಿ ಬೀಳುತ್ತದೆ, ಉದ್ದವಾಗುತ್ತದೆ. ಕಿಟಕಿ ಇದ್ದಲ್ಲೇ ಇದೆ, ತಿರುಗಿದ್ದು ನೀವು. ಹೊಸ ಜಾಗಕ್ಕೆ ಹೋದಾಗ ನಾನು ಕ್ಯಾಮೆರಾ ತೆಗೆಯುವ ಮೊದಲು ಮಾಡುವ ಕೆಲಸ ಇದು. ಮದುವೆ ಛತ್ರದ ಮೂಲೆಯಲ್ಲಿ ಮುಷ್ಟಿ ಹಿಡಿದು ಸುತ್ತು ಹೊಡೆಯುತ್ತಿದ್ದರೆ ಜನ ನೋಡುತ್ತಾರೆ, ನೋಡಲಿ.

ಮೊದಲು, ಎಲ್ಲಿ ಬಿದ್ದಿದೆ ಅನ್ನುವುದು. ಅಂಗಳದ ಫೋಟೋದಲ್ಲಿ ದೊಡ್ಡಪ್ಪನ ಮೂಗಿನ ನೆರಳು ನೇರ ಕೆಳಗೆ ಇಳಿದು ತುಟಿಯನ್ನು ಮುಚ್ಚಿತ್ತು. ಹುಬ್ಬಿನ ನೆರಳು ಕಣ್ಣನ್ನು ಮುಚ್ಚಿತ್ತು. ಇದಕ್ಕೆ ನಮ್ಮ ಊರು ಇರುವ ಜಾಗವೂ ಕಾರಣ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಅಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಪತ್ರಿಕೆಯಲ್ಲಿ ಬರುತ್ತದಲ್ಲ, ಅದೇ. ನಿಲ್ಲಿಸಿದ ಕಂಬಕ್ಕೂ ಆಗ ಪಕ್ಕದ ನೆರಳು ಇರುವುದಿಲ್ಲ. ತಿಪಟೂರಿನಲ್ಲೂ ಹೆಚ್ಚುಕಡಿಮೆ ಅದೇ ದಿನ. ಅಂಥ ಹೊತ್ತಿನಲ್ಲಿ ಮುಖದ ಫೋಟೋ ತೆಗೆಯುವುದು ಯಾರಿಗೂ ಸುಲಭವಲ್ಲ.

ಫ್ಲ್ಯಾಶ್ ಫೋಟೋದ್ದು ಇದಕ್ಕೆ ಉಲ್ಟಾ. ಬೆಳಕು ಲೆನ್ಸಿನ ಪಕ್ಕದಿಂದಲೇ ಹೊರಟಿದ್ದರಿಂದ ಮೂಗಿನ ನೆರಳು ಮೂಗಿನ ಹಿಂದೆಯೇ ಅಡಗಿತ್ತು. ನೆರಳು ಕಾಣದಿದ್ದರೆ ಮೂಗು ಎಷ್ಟು ಮುಂದಿದೆ, ಕೆನ್ನೆ ಎಷ್ಟು ಒಳಗಿದೆ ಅಂತ ಕಣ್ಣಿಗೆ ಹೇಗೆ ತಿಳಿಯಬೇಕು? ಫೋಟೋ ಅಂದರೆ ಚಪ್ಪಟೆ ಕಾಗದ. ಅದರ ಮೇಲೆ ಉಬ್ಬುತಗ್ಗು ಬರೆಯುವುದು ನೆರಳೇ.

ಕಿಟಕಿ ಪಕ್ಕ ಬೆಳಕು ಓರೆಯಾಗಿ, ಸ್ವಲ್ಪ ಮೇಲಿನಿಂದ ಬರುತ್ತಿತ್ತು. ಮೂಗಿನ ನೆರಳು ಆಚೆ ಕೆನ್ನೆಯ ಕಡೆ ಇಳಿದಿತ್ತು. ದೊಡ್ಡಪ್ಪನಿಗೆ ಮುಖವನ್ನು ಒಂಚೂರು ಒಳಗಿನ ಕಡೆ ತಿರುಗಿಸಿ ಅಂದೆ. ಆಗ ಆ ನೆರಳು ಹೋಗಿ ಕೆನ್ನೆಯ ನೆರಳಿಗೆ ಸೇರಿತು. ಕತ್ತಲ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಪುಟ್ಟ ತ್ರಿಕೋನ ಮಾತ್ರ ಉಳಿಯಿತು. 1606ರಿಂದ 1669ರವರೆಗೆ ಬದುಕಿದ್ದ ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ ಮುಖಚಿತ್ರಗಳಲ್ಲಿ ಈ ಬಗೆಯ ಬೆಳಕು ಕಾಣುತ್ತದೆ, ಅದಕ್ಕೇ ಸ್ಟುಡಿಯೋದವರು ಇದನ್ನು ರೆಂಬ್ರಾಂಟ್ ಲೈಟಿಂಗ್ ಅನ್ನುತ್ತಾರೆ. ತ್ರಿಕೋನ ಕಣ್ಣಿಗಿಂತ ಅಗಲ ಇರಬಾರದು, ಮೂಗಿಗಿಂತ ಉದ್ದ ಇಳಿಯಬಾರದು ಅನ್ನುವುದು ಅವರ ಲೆಕ್ಕ. ಅನುಭವಿಗಳ ಮುಖಕ್ಕೆ, ಗೆರೆ ಮೂಡಿದ ಮುಖಕ್ಕೆ ಇದು ತುಂಬಾ ಒಪ್ಪುತ್ತದೆ.

ಎಲ್ಲರಿಗೂ ಇದೇ ಸರಿ ಅಂತಲ್ಲ. ನೆರಳು ಪುಟ್ಟದಾಗಿ ಮೂಗಿನ ಪಕ್ಕದಲ್ಲೇ ಓರೆಯಾಗಿ ನಿಂತರೆ ಮುಖ ಹೆಚ್ಚು ತಿಳಿಯಾಗಿ ಕಾಣುತ್ತದೆ. ಅದು ಲೂಪ್ ಲೈಟಿಂಗ್, ಹೆಚ್ಚಿನ ಮುಖಗಳಿಗೆ ನಂಬಿಕೆಯ ದಾರಿ. ಎದುರಿನಿಂದಲೇ, ಆದರೆ ಎತ್ತರದಿಂದ ಬೆಳಕು ಬಿದ್ದರೆ ಮೂಗಿನ ಕೆಳಗೆ ಚಿಟ್ಟೆಯ ಆಕಾರದ ನೆರಳು ಬರುತ್ತದೆ. ಮದುಮಗಳ ಮೇಕಪ್ ಚೆನ್ನಾಗಿ ಕಾಣಬೇಕು ಅಂದಾಗ ನಾನು ಅದನ್ನೇ ಆರಿಸುವುದು. ಪೂರ್ತಿ ಪಕ್ಕದಿಂದ ಬಂದರೆ ಅರ್ಧ ಮುಖ ಬೆಳಕು, ಅರ್ಧ ಕತ್ತಲು. ನಾಟಕದವರಿಗೆ, ಪೈಲ್ವಾನರಿಗೆ ಅದು ಚೆಂದ.

ಇಲ್ಲೊಂದು ತೊಡಕಿದೆ. ನಮ್ಮ ಹಳೇ ಮನೆಗಳ ಕಿಟಕಿಗಳು ತಗ್ಗಿನಲ್ಲಿರುತ್ತವೆ. ನೆಲದ ಮೇಲೆ ಕೂತವರಿಗೆ ಗಾಳಿ ಬರಲಿ ಅಂತ ಮಾಡಿದ್ದು. ಅದರ ಪಕ್ಕ ಒಬ್ಬರನ್ನು ನಿಲ್ಲಿಸಿದರೆ ಬೆಳಕು ಹೊಟ್ಟೆಯ ಮಟ್ಟದಿಂದ ಮೇಲಕ್ಕೆ ಹೊಡೆಯುತ್ತದೆ. ಮೂಗಿನ ನೆರಳು ಮೇಲಕ್ಕೆ ಹತ್ತುತ್ತದೆ. ಗದ್ದದ ಕೆಳಗೆ ಟಾರ್ಚ್ ಹಿಡಿದು ಮಕ್ಕಳನ್ನು ಹೆದರಿಸುತ್ತಿದ್ದೆವಲ್ಲ, ಆ ಮುಖ. ನಾನು ಆ ದಿನ ಮಾಡಿದ್ದು ಇಷ್ಟೇ: ದೊಡ್ಡಪ್ಪನಿಗೆ ಕೂರಲು ಗಿಡ್ಡ ಸ್ಟೂಲ್ ಕೊಟ್ಟೆ. ಕಿಟಕಿಯ ಕೆಳಗಿನ ಅರ್ಧಕ್ಕೆ ದಪ್ಪ ಜಮಖಾನ ಹೊದಿಸಿದೆ. ಬೆಳಕು ಈಗ ಕಣ್ಣಿಗಿಂತ ಮೇಲಿನಿಂದ ಬರತೊಡಗಿತು.

ಇನ್ನು ನೆರಳಿನ ಅಂಚು. ಅಂಗಳದಲ್ಲಿ ಅದು ಬ್ಲೇಡಿನಲ್ಲಿ ಕೊಯ್ದ ಹಾಗಿತ್ತು. ಕಿಟಕಿ ಪಕ್ಕ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಹೇಳಲು ಆಗದಷ್ಟು ಮೆತ್ತಗಿತ್ತು. ಬಹಳ ಜನ ಇದನ್ನು ಬೆಳಕಿನ ಜೋರಿಗೆ ಸೇರಿಸುತ್ತಾರೆ. ಜೋರಾದ ಬೆಳಕು ಒರಟು, ಮಂದ ಬೆಳಕು ಮೃದು ಅಂತ. ಹಾಗಲ್ಲ. ಅಂಚನ್ನು ತೀರ್ಮಾನ ಮಾಡುವುದು ಬೆಳಕು ಹೊರಡುವ ಜಾಗದ ಅಳತೆ. ಅದೂ ಮುಖ ಇರುವ ಜಾಗದಿಂದ ನೋಡಿದರೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು.

ಸೂರ್ಯನನ್ನೇ ತೆಗೆದುಕೊಳ್ಳಿ. ಅವನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ನಮ್ಮಿಂದ 15 ಕೋಟಿ ಕಿಲೋಮೀಟರ್ ದೂರ. ಹಾಗಾಗಿ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಜಾಗ. ಕೈ ಚಾಚಿ ಕಿರುಬೆರಳು ಹಿಡಿದರೆ ಸಾಕು, ಅವನನ್ನು ಮುಚ್ಚಬಹುದು. ಅಷ್ಟು ಸಣ್ಣ ಕಡೆಯಿಂದ ಬರುವ ಬೆಳಕಿಗೆ ಮೂಗು ಅಡ್ಡ ಬಂದರೆ ಅದರ ಹಿಂದೆ ಪೂರ್ತಿ ನೆರಳು. ಅದೇ ಮೋಡ ಕವಿದರೆ ಬೆಳಕು ಇಡೀ ಆಕಾಶದಿಂದ ಬರುತ್ತದೆ. ಮೂಗು ಒಂದು ಕಡೆಯದನ್ನು ತಡೆದರೂ ಉಳಿದ ಕಡೆಯದು ಬಳಸಿಕೊಂಡು ಬಂದು ನೆರಳಿನೊಳಗೆ ಇಳಿಯುತ್ತದೆ. ಅಂಚು ಮೆತ್ತಗಾಗುವುದು ಹೀಗೆ. ಮೂರು ಅಡಿ ಕಿಟಕಿ ಸೂರ್ಯನ ಮುಂದೆ ಏನೇನೂ ಅಲ್ಲ. ಆದರೆ ಎರಡು ಅಡಿ ದೂರದಲ್ಲಿ ಕೂತ ಮುಖಕ್ಕೆ ಅದು ಸೂರ್ಯನಿಗಿಂತ ಎಷ್ಟೋ ಪಟ್ಟು ದೊಡ್ಡದು. ಅದೇ ಕಿಟಕಿಯಿಂದ ಹತ್ತು ಅಡಿ ಹಿಂದೆ ಸರಿದರೆ ಅದು ಸಣ್ಣದಾಗುತ್ತದೆ, ನೆರಳು ಗಟ್ಟಿಯಾಗುತ್ತದೆ. ಮೃದು ಬೆಳಕು ಬೇಕಾದರೆ ಹತ್ತಿರ ಕೂರಿಸಿ.

ಒಂದು ಎಚ್ಚರ: ಬಿಸಿಲು ನೇರವಾಗಿ ಒಳಗೆ ಬೀಳುತ್ತಿರುವ ಕಿಟಕಿ ಈ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ಬೆಳಕು ಕೊಡುತ್ತಿರುವುದು ಸೂರ್ಯನೇ. ಅದಕ್ಕೆ ತೆಳುವಾದ ಬಿಳಿ ಪಂಚೆ ಕಟ್ಟಿಬಿಡಿ. ಆಗ ಪಂಚೆಯೇ ಬೆಳಕಿನ ಮೂಲವಾಗುತ್ತದೆ. ಸ್ಟುಡಿಯೋದ ಸಾಫ್ಟ್‌ಬಾಕ್ಸ್ ಒಳಗಿನ ಗುಟ್ಟೂ ಇಷ್ಟೇ: ಸಣ್ಣ ಬಲ್ಬು, ಮುಂದೆ ದೊಡ್ಡ ಬಿಳಿ ಬಟ್ಟೆ.

ಸಿನಿಮಾದವರು ಇದನ್ನು ಚೆನ್ನಾಗಿ ಅರಿತಿದ್ದರು. 1956ರ 'ಅಪರಾಜಿತೋ' ಚಿತ್ರಕ್ಕೆ ಕಾಶಿಯ ಹಳೇ ಮನೆಯೊಂದರ ತೊಟ್ಟಿಯನ್ನು ಕಲ್ಕತ್ತದ ಸ್ಟುಡಿಯೋದಲ್ಲಿ ಕಟ್ಟಬೇಕಾಯಿತು. ನಿಜವಾದ ತೊಟ್ಟಿಗೆ ಬೆಳಕು ಬರುವುದು ಮೇಲಿನ ತೆರೆದ ಆಕಾಶದಿಂದ. ಸ್ಟುಡಿಯೋದಲ್ಲಿ ಆಕಾಶ ಎಲ್ಲಿ? ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದರು. ದೀಪಗಳನ್ನು ನಟರ ಕಡೆ ತಿರುಗಿಸದೆ ಆ ಬಟ್ಟೆಯ ಕಡೆ ತಿರುಗಿಸಿದರು. ಬಟ್ಟೆಗೆ ಬಡಿದು ಕೆಳಗಿಳಿದ ಬೆಳಕು ಥೇಟ್ ತೊಟ್ಟಿಯ ಬೆಳಕಿನಂತಿತ್ತು. ನಮ್ಮ ಕಡೆ ತೊಟ್ಟಿ ಮನೆ ಇನ್ನೂ ಉಳಿಸಿಕೊಂಡವರು ಆ ಸುತ್ತಲಿನ ಜಗಲಿಯಲ್ಲಿ ಒಮ್ಮೆ ಫೋಟೋ ತೆಗೆದು ನೋಡಿ. ತೊಟ್ಟಿಯ ನಡುವೆ ನಿಲ್ಲಿಸಬೇಡಿ. ಒಂದೆರಡು ಅಡಿ ಒಳಗೆ, ಸೂರಿನ ಕೆಳಗೆ, ತೊಟ್ಟಿಯ ಕಡೆ ಮುಖ ಮಾಡಿಸಿ. ಮೇಲಿನ ಬೆಳಕನ್ನು ಸೂರು ತಡೆಯುತ್ತದೆ, ಮುಂದಿನದು ಮುಖಕ್ಕೆ ಬರುತ್ತದೆ.

ಇದಕ್ಕೆ ಸರಿಯಾಗಿ ಎದುರಾದದ್ದು ಮೈಸೂರಿನ ವಿ.ಕೆ. ಮೂರ್ತಿಯವರು ಮಾಡಿದ್ದು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋದ ಕತ್ತಲನ್ನು ಸೀಳಿಕೊಂಡು ಇಳಿಯುವ ಬೆಳಕಿನ ಕೋಲೊಂದಿದೆ. ದೊಡ್ಡ ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿದ್ದರು. ಕನ್ನಡಿ ಬಿಸಿಲನ್ನು ಬಿಸಿಲಾಗಿಯೇ ದಾಟಿಸುತ್ತದೆ, ಅಂಚು ಚೂಪಾಗಿಯೇ ಉಳಿಯುತ್ತದೆ. ಬಟ್ಟೆ ಅದನ್ನು ಹರಡುತ್ತದೆ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು, ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರೇ. ಈ ಎರಡನ್ನೂ ಸೇರಿಸಿ ನಾನು ಕತ್ತಲೆ ಮನೆಗಳಲ್ಲಿ ಬಳಸುತ್ತೇನೆ. ಅಂಗಳದಲ್ಲಿ ಕನ್ನಡಿ ಇಟ್ಟು ಬಿಸಿಲನ್ನು ಬಾಗಿಲ ಮೂಲಕ ಒಳಗಿನ ಬಿಳಿ ಗೋಡೆಗೆ ಹೊಡೆಸುವುದು. ಕೂರುವವರು ಗೋಡೆಯ ಕಡೆ ತಿರುಗಿರಬೇಕು. ಆ ಗೋಡೆಯೇ ಒಂದು ದೊಡ್ಡ ಕಿಟಕಿಯಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕನ್ನಡಿ ಸರಿಸಲು ಮನೆಯ ಹುಡುಗರೊಬ್ಬರು ಬೇಕು, ಅಷ್ಟೇ.

ನೆರಳು ಎಷ್ಟು ಕಪ್ಪಗಿರಬೇಕು ಅನ್ನುವುದು ರುಚಿಯ ವಿಷಯ. ಆದರೆ ಅದನ್ನು ಹೆಚ್ಚುಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ. ಕಿಟಕಿಗೆ ಎದುರು ಕಡೆ, ಮುಖದ ಆಚೆ ಬದಿಗೆ ಒಂದು ಥರ್ಮಾಕೋಲ್ ಹಲಗೆ ಹಿಡಿಯಿರಿ. ಕಿಟಕಿಯ ಬೆಳಕು ಅದಕ್ಕೆ ಬಡಿದು ವಾಪಸ್ ಬಂದು ನೆರಳನ್ನು ತಿಳಿಯಾಗಿಸುತ್ತದೆ. ಹತ್ತಿರ ತಂದಷ್ಟೂ ನೆರಳು ಕರಗುತ್ತದೆ. ಪೂರ್ತಿ ಕರಗಿಸಿಬಿಟ್ಟರೆ ಮತ್ತೆ ಫ್ಲ್ಯಾಶ್ ಫೋಟೋದ ಚಪ್ಪಟೆ ಮುಖವೇ. ಅದಕ್ಕೇ ನಾನು ಹಲಗೆಯನ್ನು ಒಮ್ಮೆ ಹತ್ತಿರ ತಂದು, ಆಮೇಲೆ ನೆರಳಿಗೆ ಒಂದಿಷ್ಟು ತೂಕ ಬರುವವರೆಗೂ ಹಿಂದೆ ಸರಿಸುತ್ತೇನೆ.

ಕೆಲವು ಸಲ ಉಲ್ಟಾ ಮಾಡಬೇಕಾಗುತ್ತದೆ. ನಾಲ್ಕೂ ಗೋಡೆ ಬಿಳಿ ಇರುವ ಹೊಸ ಫ್ಲ್ಯಾಟುಗಳಲ್ಲಿ ಬೆಳಕು ಎಲ್ಲ ಕಡೆಯಿಂದ ಪುಟಿದು ನೆರಳೇ ನಿಲ್ಲುವುದಿಲ್ಲ. ಅಲ್ಲಿ ನೆರಳಿನ ಬದಿಗೆ ಒಂದು ಕರಿ ಕಂಬಳಿ ಹಿಡಿಯುತ್ತೇನೆ. ಕಂಬಳಿ ಬೆಳಕನ್ನು ಕುಡಿದುಬಿಡುತ್ತದೆ, ದವಡೆಯ ಗೆರೆ ತಟ್ಟನೆ ಎದ್ದು ಬರುತ್ತದೆ.

ಹಿನ್ನೆಲೆಯೂ ಈ ಲೆಕ್ಕಕ್ಕೇ ಸೇರಿದ್ದು. ಸಣ್ಣ ಬಲ್ಬಿನಿಂದ ಒಂದು ಅಡಿ ದೂರ ಸಿಗುವ ಬೆಳಕು ಎರಡು ಅಡಿಗೆ ಹೋದರೆ ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಮೂರು ಅಡಿಗೆ ಒಂಬತ್ತರಲ್ಲಿ ಒಂದು ಪಾಲು. ಕಿಟಕಿ ದೊಡ್ಡದಾದ್ದರಿಂದ ಹತ್ತಿರದಲ್ಲಿ ಇಷ್ಟು ಚುರುಕಾಗಿ ಇಳಿಯುವುದಿಲ್ಲ, ಆದರೆ ಇಳಿಯುವುದಂತೂ ನಿಜ. ಮುಖ ಕಿಟಕಿಗೆ ಎರಡು ಅಡಿಯಲ್ಲಿದ್ದು, ಹಿಂದಿನ ಗೋಡೆ ಕಿಟಕಿಯಿಂದ ಎಂಟು ಹತ್ತು ಅಡಿಯಲ್ಲಿದ್ದರೆ ಗೋಡೆ ತಾನಾಗಿಯೇ ಕತ್ತಲಾಗುತ್ತದೆ. ಅದರ ಮೇಲಿನ ಕ್ಯಾಲೆಂಡರು, ಸ್ವಿಚ್‌ಬೋರ್ಡು ಎಲ್ಲ ಮುಳುಗುತ್ತವೆ. ಮೊಬೈಲಿನ ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಮಸುಕು ಮಾಡುತ್ತದೆಯೇ ಹೊರತು ಮುಖದ ಬೆಳಕನ್ನು ಸರಿಮಾಡುವುದಿಲ್ಲ.

ಆ ದಿನ ಪಡಸಾಲೆಯಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ, ದೀಪಗಳನ್ನೆಲ್ಲ ಆರಿಸಿದೆ. "ಕತ್ತಲೆ ಆಗಲ್ವೇನೋ?" ಅಂದರು ದೊಡ್ಡಮ್ಮ. ಕಿಟಕಿಯ ಬೆಳಕಿಗೆ ಒಂದು ಬಣ್ಣ, ಬಲ್ಬಿಗೆ ಇನ್ನೊಂದು. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಹಗಲಿನ ಬೆಳಕು ಸುಮಾರು 5500, ಹಳದಿ ಬಲ್ಬು 2700ರ ಆಸುಪಾಸು. ಎರಡೂ ಸೇರಿದರೆ ಒಂದು ಕೆನ್ನೆ ನೀಲಿ, ಇನ್ನೊಂದು ಕೆನ್ನೆ ಅರಿಶಿನ. ಕ್ಯಾಮೆರಾ ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ನೆಲವೂ ಬಣ್ಣ ಎರಚುತ್ತದೆ. ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಬೆಳಕು ಬಿದ್ದಿದ್ದರೆ ಗದ್ದದ ಕೆಳಗೆ ಕೆಂಪು ಛಾಯೆ ಬಂದಿರುತ್ತದೆ. ನಾನು ನೆಲಕ್ಕೆ ಒಂದು ಬಿಳಿ ಬೆಡ್‌ಶೀಟ್ ಹಾಸಿಬಿಡುತ್ತೇನೆ. ತೋಟದಲ್ಲಿ ಹಸಿರು ಎಲೆಗಳಿಂದ ಮುಖಕ್ಕೆ ಬಾಡಿದ ಬಣ್ಣ ಬರುವುದೂ ಹೀಗೆಯೇ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. "ಸಾರ್, ಸ್ವಲ್ಪ ಬೆಳ್ಳಗೆ ಮಾಡಿಕೊಡಿ." ಮದುವೆ ಆಲ್ಬಂ ಮಾಡುವವರು ಇದನ್ನು ಕೇಳದ ತಿಂಗಳಿಲ್ಲ. ಕಪ್ಪಗಿರುವವರು ಫೋಟೋದಲ್ಲಿ ಚೆನ್ನಾಗಿ ಬರಲ್ಲ ಅನ್ನುವ ನಂಬಿಕೆ ಮನೆಮನೆಯಲ್ಲಿದೆ. ಅದು ಸುಳ್ಳು. ಕೆಟ್ಟಿರುವುದು ಬಣ್ಣವಲ್ಲ, ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ. ಕ್ಯಾಮೆರಾದ ಅಳತೆ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬಾ ಬಿಳಿ ಜುಬ್ಬ, ಬಿಳಿ ಪಂಚೆ ಇದ್ದರೆ ಅದು ಹೆದರಿ ಬೆಳಕು ಕಡಿಮೆ ಮಾಡುತ್ತದೆ, ಜೊತೆಗೆ ಮುಖವೂ ಕತ್ತಲಿಗೆ ಹೋಗುತ್ತದೆ. ನಾವು ಮೈಬಣ್ಣವನ್ನು ದೂರುತ್ತೇವೆ. ಬಣ್ಣದ ಫಿಲ್ಮಿನ ಕಾಲದಲ್ಲಂತೂ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ ಮಾದರಿ ಫೋಟೋದಲ್ಲಿ ಇರುತ್ತಿದ್ದದ್ದು ಬಿಳಿಯ ಹೆಣ್ಣುಮಗಳು. ಶರ್ಲಿ ಕಾರ್ಡ್ ಅಂತ ಅದಕ್ಕೆ ಹೆಸರು. ದಶಕಗಳ ಕಾಲ ಆ ಒಂದು ಚರ್ಮದ ಬಣ್ಣವೇ ಅಳತೆಗೋಲಾಗಿತ್ತು.

ಮೊಬೈಲಿನಲ್ಲಾದರೆ ಮುಖದ ಮೇಲೆ ಬೆರಳು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದು ಮುಖ ಇದ್ದಂತೆ ಕಾಣುವ ಕಡೆ ನಿಲ್ಲಿಸಿ. ಆಮೇಲೆ ಬೆಳಕು. ಕಪ್ಪು ಮೈಬಣ್ಣದ ಮುಖವನ್ನು ಕೆತ್ತಿ ತೋರಿಸುವುದು ನೆರಳು ಎಷ್ಟೋ, ಹೊಳಪೂ ಅಷ್ಟೇ. ಸಣ್ಣ ಬಲ್ಬು ಹಣೆಯ ಮೇಲೆ ಸುಡುವ ಚುಕ್ಕೆ ಇಡುತ್ತದೆ. ದೊಡ್ಡ ಕಿಟಕಿ ಪಕ್ಕದಿಂದ ಸವರಿದರೆ ಕೆನ್ನೆಯ ಮೂಳೆಯುದ್ದಕ್ಕೂ, ಮೂಗಿನ ದಿಂಡಿನುದ್ದಕ್ಕೂ ಒಂದು ಉದ್ದ ಹೊಳಪು ಹರಿಯುತ್ತದೆ. ದೇವಸ್ಥಾನದ ಕರಿಕಲ್ಲಿನ ವಿಗ್ರಹಕ್ಕೆ ಎಣ್ಣೆ ಹಚ್ಚಿದಾಗ ಕಣ್ಣು, ತುಟಿ, ಕೆನ್ನೆ ಒಂದೊಂದೂ ಎದ್ದು ಕಾಣುತ್ತದಲ್ಲ, ಅದೇ ಕೆಲಸ ಇಲ್ಲೂ ಆಗುತ್ತದೆ. ಆ ಹೊಳಪನ್ನು ಪೌಡರ್ ಹಾಕಿ ಅಳಿಸಬೇಡಿ, ಬೆವರನ್ನಷ್ಟೇ ಒರೆಸಿ. ಬ್ಯೂಟಿ ಫಿಲ್ಟರ್ ಬೇಡವೇ ಬೇಡ.

ಕನ್ನಡಕದ ವಿಷಯ ಬೇಗ ಹೇಳಿಬಿಡುತ್ತೇನೆ. ಬೆಳಕು ಯಾವ ಕೋನದಲ್ಲಿ ಗಾಜಿಗೆ ಬೀಳುತ್ತದೋ ಅದೇ ಕೋನದಲ್ಲಿ ಆಚೆಗೆ ಹೋಗುತ್ತದೆ. ಅದು ಲೆನ್ಸಿಗೆ ಬರದಂತೆ ನೋಡಿಕೊಂಡರೆ ಸಾಕು. ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂಚೂರು ಎತ್ತಿ ಕೂರಿಸಿ, ಗಾಜು ಕೆಳಕ್ಕೆ ವಾಲುತ್ತದೆ, ಬಿಳಿ ಮಚ್ಚೆ ಜಾರಿಹೋಗುತ್ತದೆ. ಫ್ಲ್ಯಾಶ್ ಬಿಟ್ಟರೆ ಗತಿಯಿಲ್ಲ ಅನ್ನುವ ಛತ್ರದಲ್ಲಿ ಅದರ ತಲೆಯನ್ನು ಬಿಳಿ ಸೀಲಿಂಗಿಗೋ ಪಕ್ಕದ ಗೋಡೆಗೋ ತಿರುಗಿಸಿ. ಸುಬ್ರತ ಮಿತ್ರರ ಬಟ್ಟೆಯ ಕೆಲಸವನ್ನು ಗೋಡೆ ಮಾಡುತ್ತದೆ.

ಹೊರಗಡೆಯೇ ತೆಗೆಯಬೇಕು ಅನ್ನುವವರಿಗೆ ಸಂಜೆ ಸಿಗುತ್ತದೆ, ಆದರೆ ಜಾಸ್ತಿ ಹೊತ್ತಲ್ಲ. ಯುರೋಪಿನವರ ಪಾಠಗಳಲ್ಲಿ ಬರುವ ದೀರ್ಘ ಹೊಂಬಿಸಿಲು ನಮಗಿಲ್ಲ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ಗಂಟೆಗೆ 14 ಡಿಗ್ರಿಯಷ್ಟು. ತೀರ ಕೆಳಗಿಳಿದ ಮೇಲೆ ಸಿಗುವುದು ಅರ್ಧ ಗಂಟೆ. ಜಾಗ ಮೊದಲೇ ನೋಡಿಟ್ಟುಕೊಂಡಿರಿ.

ಅಭಿನಂದನಾ ಗ್ರಂಥ ಅಚ್ಚಾಗಿ ಬಂದ ದಿನ ದೊಡ್ಡಪ್ಪ ಮುಖಪುಟವನ್ನು ಭೂತಗನ್ನಡಿ ಹಿಡಿದು ನೋಡುತ್ತಾ ಕೂತಿದ್ದರು. "ನನ್ನ ಕಣ್ಣಲ್ಲಿ ಏನೋ ಇದೆಯಲ್ಲೋ" ಅಂದರು. ಇಸಿದುಕೊಂಡು ನೋಡಿದೆ. ಎಡಗಣ್ಣಿನ ಪಾಪೆಯ ಮೇಲೆ, ಸ್ವಲ್ಪ ಎತ್ತರದಲ್ಲಿ, ನಮ್ಮ ಪಡಸಾಲೆಯ ಕಿಟಕಿಯ ಮೇಲಿನ ಅರ್ಧ ಕೂತಿತ್ತು. ಕೆಳಗೆ ಜಮಖಾನದ ಕಪ್ಪು ಗೆರೆ. ಕಿಟಕಿಯ ಸರಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.